ಮನೆಯ ಮುಂದಣ ಕಾಂಕ್ರೀಟು ಮೆಟ್ಟಿಲುಗಳು

ಮನೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಗೋಡೆ, ಮಾಡು, ಬಾಗಿಲು, ಕಿಟಕಿಗಳನ್ನು ವರ್ಣಿಸುವರು. ಬಾಗಿಲಿನ ಹೊರಗೆ ಬಿಸಿಲು ಮಳೆಗಳಲ್ಲಿ ಬಿದ್ದಿರುವ ಮೂರು ನಾಲ್ಕು ಮೆಟ್ಟಿಲುಗಳ ಗೊಡವೆಗೆ ಹೋಗುವವರು ವಿರಳ. ಆದರೂ ಮನೆಯವರೂ, ಬಂದು ಹೋಗುವ ನಂಟರಿಷ್ಟರೂ ದಿನಕ್ಕೆ ಹತ್ತಾರು ಸಲ ತಮ್ಮ ದೇಹದ ಭಾರವನ್ನೆಲ್ಲ ನಂಬಿ ಒಪ್ಪಿಸುವುದು ಈ ಮೆಟ್ಟಿಲುಗಳಿಗೇ. ಅವು ನೆಟ್ಟಗಿದ್ದರೆ ಯಾರ ಗಮನಕ್ಕೂ ಬಾರವು. ನೆಟ್ಟಗಿರದಿದ್ದರೆ ಮನೆಯ ಹಿರಿಯರೊಬ್ಬರು ಹಾಸಿಗೆ ಹಿಡಿಯಬೇಕಾಗುತ್ತದೆ. ಇಂತಹ ಮೆಟ್ಟಿಲುಗಳನ್ನು ಮನೆಯವರೇ ಹೇಗೆ ಕಟ್ಟಿಕೊಳ್ಳಬಹುದೆಂಬುದೇ ಈ ಪಾಠದ ವಿಷಯವು.

ಮೊದಲು ಶಬ್ದವನ್ನು ನೋಡೋಣ. ಮೆಟ್ಟು ಎಂದರೆ ಕಾಲಿನಿಂದ ತುಳಿ. ತುಳಿಯುವ ಸ್ಥಳವೇ ಮೆಟ್ಟಿಲು. ಉತ್ತರ ಕರ್ನಾಟಕದ ನಿಮ್ಮ ಅಜ್ಜಿಯರು ಇದನ್ನು ಪಾವಟಿಗೆ ಎನ್ನುವರು. ಪುಸ್ತಕದ ಭಾಷೆಯಲ್ಲಿ ಸೋಪಾನ. ಇಲ್ಲಿಯ ನೆರೆಹೊರೆಯ ಮರಾಠಿಯವರಿಗೆ ಪಾಯರಿ. ಒಂದೊಂದು ಮೆಟ್ಟಿಲಿಗೂ ಎರಡು ಅಳತೆಗಳುಂಟು. ಕಾಲೆತ್ತಬೇಕಾದ ಎತ್ತರ ಒಂದು, ಕಾಲಿಡುವ ಸಮತಲ ಇನ್ನೊಂದು. ಗೌಂಡಿಗಳು ಇವುಗಳನ್ನು ರೈಸರು, ಟ್ರೆಡ್ಡು ಎನ್ನುತ್ತಾರೆ. ನಾವು ಈ ಪಾಠದಲ್ಲಿ ಎತ್ತರವನ್ನು ‘ಏರು’ ಎಂದೂ ಕಾಲಿಡುವ ಭಾಗವನ್ನು ‘ಮೆಟ್ಟು’ ಎಂದೂ ಕರೆಯುವೆವು.

ಮುಂಬಯಿಯಂತಹ ನಗರದಲ್ಲಿ ಹೊಸ್ತಿಲನ್ನು ಎತ್ತರಿಸದೆ ಗತಿಯಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಓಣಿಗಳು ತಗ್ಗು, ಸಮುದ್ರದಲ್ಲಿ ಭರತವಿದ್ದಾಗ ಗಟಾರದ ನೀರು ಹರಿದುಹೋಗದೆ ಹಿಂದಕ್ಕೆ ತಿರುಗುತ್ತದೆ. ೨೦೦೫ನೆಯ ಇಸವಿಯ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರು ಮಳೆ ಬಿದ್ದಿತು. ಆ ದಿನವನ್ನು ಕಂಡವರು ನೆಲಮಹಡಿಯ ಖೋಲಿಯನ್ನು ದುರಸ್ತಿ ಮಾಡಿಸುವಾಗ ಹೊಸ್ತಿಲನ್ನು ಒಂದು ಗೇಣಾದರೂ ಮೇಲೆತ್ತದೆ ಬಿಡರು. ಹೊಸ್ತಿಲು ಮೇಲೆ ಹೋಗುತ್ತದೆ. ಅದಕ್ಕೆ ತಕ್ಕ ಮೆಟ್ಟಿಲು ಮಾತ್ರ ಬರುವುದಿಲ್ಲ. ಒಡೆದ ಶಹಾಬಾದಿ ಫರಸಿ, ನಾಲ್ಕು ಇಟ್ಟಿಗೆ, ಎಲ್ಲಿಂದಲೋ ತಂದ ಒಂದು ದಿಂಡುಗಲ್ಲು, ಇವನ್ನೇ ಒಂದರ ಮೇಲೊಂದು ಪೇರಿಸಿ ಕಾಲ ಕಳೆಯುವ ಮನೆಗಳು ಎಷ್ಟೋ.

ನಮ್ಮ ಶಾಲೆಯ ಒಂಬತ್ತನೆಯ ಇಯತ್ತೆಯ ಬಾಲಕನೊಬ್ಬನ ಮನೆಯೂ ಹೀಗೆಯೇ ಇದ್ದಿತು. ಆತನ ತಂದೆ ಯಾದಗಿರಿಯ ಕಡೆಯವರು. ನಿಮ್ಮಲ್ಲಿ ಅನೇಕರ ತಂದೆ-ತಾಯಂದಿರಂತೆ ಕಟ್ಟಡದ ಕೆಲಸದವರು. ಇಪ್ಪತ್ತು ಅಂತಸ್ತುಗಳ ಮೇಲೆ ಕಾಂಕ್ರೀಟು ಹಾಸಿ ಬರುವವರ ಬಾಗಿಲಿಗೆ ಅಲುಗಾಡುವ ಮೂರು ಕಲ್ಲುಗಳು. ಒಂದು ಮಳೆಗಾಲದ ಸಂಜೆ ಹುಡುಗನ ಅಜ್ಜಿ ಅವುಗಳ ಮೇಲಿಂದ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಮಳೆ ನಿಂತ ಮೇಲೆ, ಡಿಸೆಂಬರಿನ ಎರಡು ಭಾನುವಾರಗಳಲ್ಲಿ, ಅಲ್ಲಿ ಹೊಸ ಮೆಟ್ಟಿಲುಗಳನ್ನು ಕಟ್ಟಲಾಯಿತು. ಕಾಂಕ್ರೀಟು ತಂದೆಯದು, ಲೆಕ್ಕ ಮಗನದು. ನಾವು ಅಳತೆಯ ಟೇಪನ್ನು ಹಿಡಿದು ನಿಂತವರು ಮಾತ್ರ. ಈ ಮೆಟ್ಟಿಲುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಮುಂದುವರಿಯೋಣ.

ಅಳತೆಗೆ ಮುಂಚೆ ಒಂದು ಮಾತು. ಬಾಗಿಲ ಮುಂದಿನ ಜಾಗ ನಮ್ಮದೆಂದು ತಿಳಿಯುವುದು ಸುಲಭ. ಆದರೆ ಓಣಿ ಎಲ್ಲರದು. ದಾರಿಯನ್ನೂ ಗಟಾರವನ್ನೂ ಮುಚ್ಚುವಂತೆ ಮೆಟ್ಟಿಲು ಮುಂದೆ ಚಾಚಿದರೆ ನಗರಪಾಲಿಕೆಯವರು ಒಡೆದು ಹಾಕಬಹುದು, ಒಡೆಯುವುದು ನ್ಯಾಯವೂ ಹೌದು. ಮೊದಲು ಕೇಳಿ ತಿಳಿದುಕೊಂಡು, ಅನುಮತಿ ಬೇಕಾದಲ್ಲಿ ಪಡೆದು, ಆಮೇಲೆ ಗುದ್ದಲಿ ಹಿಡಿಯತಕ್ಕದ್ದು.

ಹೊಸ್ತಿಲಿನ ಎತ್ತರವನ್ನು ಗೋಡೆಯ ಬುಡದಲ್ಲಿ ಅಳೆಯುವುದು ವಾಡಿಕೆ. ಅದು ಸರಿಯಲ್ಲ. ಓಣಿಯ ನೆಲ ಇಳಿಜಾರಾಗಿರುತ್ತದೆ. ಆದುದರಿಂದ ಅತ್ಯಂತ ಕೆಳಗಿನ ಮೆಟ್ಟಿಲು ಎಲ್ಲಿ ಬರುವುದೋ ಅಲ್ಲಿ ಅಳೆಯಬೇಕು. ನೇರವಾದೊಂದು ಉದ್ದ ಕೋಲಿನ ಒಂದು ತುದಿಯನ್ನು ಹೊಸ್ತಿಲ ಮೇಲಿಟ್ಟು, ರಸಮಟ್ಟ ನೋಡಿ ಸಮವಾಗಿ ಹಿಡಿದು, ಇನ್ನೊಂದು ತುದಿಯಿಂದ ನೆಲದವರೆಗೆ ಟೇಪನ್ನು ಇಳಿಯಬಿಡಬೇಕು. ರಸಮಟ್ಟವಿಲ್ಲದಿದ್ದರೆ ಪಾರದರ್ಶಕವಾದ ರಬ್ಬರು ಕೊಳವೆಯಲ್ಲಿ ನೀರು ತುಂಬಿದರೂ ಸಾಕು. ಕೊಳವೆಯ ಎರಡೂ ಬಾಯಿಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರುವಿರಿ. ಗೌಂಡಿಗಳು ಪಾಠ ಓದದೆಯೂ ಅದನ್ನು ದಿನವೂ ಮಾಡುವರು. ನಮ್ಮ ಉದಾಹರಣೆಯಲ್ಲಿ ಎತ್ತರ ೬೦ ಸೆಂಟಿಮೀಟರು ಬಂದಿತು, ಅಂದರೆ ಗೌಂಡಿಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಅಡಿ.

ಈಗ ಈ ೬೦ನ್ನು ಎಷ್ಟು ಏರುಗಳಾಗಿ ಭಾಗಿಸಬೇಕು? ಮೂರಾದರೆ ತಲಾ ೨೦ ಸೆಂಟಿಮೀಟರು, ನಾಲ್ಕಾದರೆ ತಲಾ ೧೫. ಹುಡುಗನ ತಂದೆಯವರಿಗೆ ಮೂರು ಸಾಕೆನಿಸಿತ್ತು: ಜಾಗ ಉಳಿಯುವುದು, ಸಿಮೆಂಟು ಉಳಿಯುವುದು. ಮಗ ಒಪ್ಪಲಿಲ್ಲ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಗಳಲ್ಲಿ ಏರು ೧೯ ಸೆಂಟಿಮೀಟರಿಗೆ ಮೀರಬಾರದು, ಮೆಟ್ಟು ೨೫ಕ್ಕೆ ಕಡಿಮೆಯಾಗಬಾರದು. ಅದಕ್ಕಿಂತಲೂ ದೊಡ್ಡ ಸಂಹಿತೆ ಅಜ್ಜಿಯ ಮೊಣಕಾಲು. ನಾಲ್ಕೇ ನಿಶ್ಚಯವಾಯಿತು.

ಮೆಟ್ಟಿನ ಅಗಲಕ್ಕೂ ಒಂದು ಸೂತ್ರವಿದೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಫ್ರಾನ್ಸ್ವಾ ಬ್ಲಾಂಡೆಲ್ ಎಂಬ ವಾಸ್ತುಶಿಲ್ಪಿ ಇದ್ದನು, ಗಣಿತಜ್ಞನೂ ಹೌದು. ಸಮತಲದಲ್ಲಿ ನಡೆಯುವಾಗ ಮನುಷ್ಯನ ಒಂದು ಹೆಜ್ಜೆ ಸುಮಾರು ಎರಡು ಅಡಿ. ಕಾಲನ್ನು ಮೇಲೆತ್ತುವುದು ಮುಂದಿಡುವುದಕ್ಕಿಂತ ಇಮ್ಮಡಿ ಶ್ರಮ. ಆದುದರಿಂದ ಏರಿನ ಎರಡರಷ್ಟಕ್ಕೆ ಮೆಟ್ಟನ್ನು ಕೂಡಿಸಿದರೆ ಒಂದು ಹೆಜ್ಜೆಯ ಉದ್ದ ಬರಬೇಕೆಂದು ಆತನು ತರ್ಕಿಸಿದನು. ಮುನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಸಂದರೂ ಕಟ್ಟುವವರು ಈ ಸೂತ್ರವನ್ನು ಬಿಟ್ಟಿಲ್ಲ. ಹೆಜ್ಜೆಯನ್ನು ೬೩ ಸೆಂಟಿಮೀಟರು ಎಂದಿಟ್ಟುಕೊಂಡರೆ, ಏರು ೧೫ ಇರುವಲ್ಲಿ ಮೆಟ್ಟು ೬೩ರಲ್ಲಿ ೩೦ ಕಳೆದು ೩೩ ಸೆಂಟಿಮೀಟರು. ದೊಡ್ಡವರ ಪಾದ ಪೂರ್ಣವಾಗಿ ಊರುವಷ್ಟು ಸ್ಥಳವಾಯಿತು.

ನಾಲ್ಕು ಏರುಗಳಿಗೆ ಕಟ್ಟಬೇಕಾದ ಮೆಟ್ಟುಗಳು ಮೂರೇ ಎಂಬುದನ್ನು ಗಮನಿಸಿರಿ. ನಾಲ್ಕನೆಯ ಏರು ಹೊಸ್ತಿಲಿಗೇ ಸೇರುತ್ತದೆ. ಮೂರನೆಯ ಮೆಟ್ಟನ್ನು ಮಾತ್ರ ೮೪ ಸೆಂಟಿಮೀಟರಿನ ಕಟ್ಟೆಯಾಗಿ ಹಿಗ್ಗಿಸಿದೆವು. ಕೈಯಲ್ಲಿ ಸಾಮಾನಿನ ಚೀಲ ಹಿಡಿದು ಬೀಗ ತೆಗೆಯುವವರು ನಿಲ್ಲುವುದೆಲ್ಲಿ? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಕಟ್ಟಿದ ಮೆಟ್ಟಿಲುಗಳು ನಗರದಲ್ಲಿ ಬೇಕಾದಷ್ಟಿವೆ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಮೆಟ್ಟಿಲುಗಳ ಏರುಗಳು ಎಷ್ಟೇ ಇರಲಿ, ಒಂದಕ್ಕೊಂದು ಸಮನಾಗಿರಲೇಬೇಕು. ಹತ್ತುವವನು ಮೊದಲನೆಯ ಮೆಟ್ಟಿಲನ್ನು ಕಣ್ಣಿನಿಂದ ನೋಡಿ ಹತ್ತುತ್ತಾನೆ; ಮುಂದಿನವುಗಳನ್ನು ನೋಡುವುದಿಲ್ಲ. ಮೊದಲನೆಯದು ಕಲಿಸಿದ ಎತ್ತರವನ್ನು ಕಾಲು ನೆನಪಿಟ್ಟುಕೊಂಡು ತಾನೇ ಅಷ್ಟು ಮೇಲೇಳುತ್ತದೆ. ಮುಂದಿನದು ಒಂದೆರಡು ಸೆಂಟಿಮೀಟರು ಹೆಚ್ಚಾಗಿದ್ದರೆ ಬೆರಳ ತುದಿ ತಾಗಿ ಎಡವುತ್ತದೆ. ಇಳಿಯುವಾಗ ಅಪಾಯ ಇನ್ನೂ ಹೆಚ್ಚು: ನೆಲ ಸಿಕ್ಕಿತೆಂದು ನಂಬಿದ ಕಾಲಿಗೆ ಒಂದು ಕ್ಷಣ ಶೂನ್ಯ ಸಿಗುತ್ತದೆ. ಎತ್ತರದ ಮೆಟ್ಟಿಲು ಆಯಾಸ ಕೊಡುತ್ತದೆ; ಅಸಮವಾದ ಮೆಟ್ಟಿಲು ಬೀಳಿಸುತ್ತದೆ. ಅಜ್ಜಿಯ ಬಾಗಿಲಿನ ಹಳೆಯ ಮೂರು ಕಲ್ಲುಗಳ ಏರುಗಳನ್ನು ಹುಡುಗನು ಅಳೆದಿದ್ದನು: ೧೪, ೨೧, ೨೫. ಮುಂಗೈ ಏಕೆ ಮುರಿಯಿತೆಂಬುದನ್ನು ಆ ಅಂಕಿಗಳೇ ಹೇಳುತ್ತವೆ. ಮಳೆಯ ಮೇಲೆ ತಪ್ಪು ಹೊರಿಸಬೇಕಾಗಿಲ್ಲ.

ಸಾಮಗ್ರಿಯ ಲೆಕ್ಕ ಸುಲಭ. ಮೆಟ್ಟಿಲುಗಳನ್ನು ಒಂದರ ಮೇಲೊಂದಿಟ್ಟ ಮೂರು ಪೆಟ್ಟಿಗೆಗಳೆಂದು ಭಾವಿಸಿರಿ. ಎಲ್ಲಕ್ಕೂ ಅಗಲ ೧೦೦, ಎತ್ತರ ೧೫. ಕೆಳಗಿನದರ ಉದ್ದ ೩೩, ೩೩, ೮೪ ಕೂಡಿ ೧೫೦, ನಡುವಿನದು ೧೧೭, ಮೇಲಿನದು ೮೪. ಘನ ಅಳತೆ ಕ್ರಮವಾಗಿ ೨೨೫, ೧೭೫.೫ ಮತ್ತು ೧೨೬ ಲೀಟರು, ಒಟ್ಟು ೫೨೬.೫ ಲೀಟರು. ಆದರೆ ಅಷ್ಟೇ ಒಣ ಸಾಮಗ್ರಿ ತಂದರೆ ಸಾಲದು. ಏಕೆಂಬುದನ್ನು ಒಂದು ಬಕೀಟಿನಿಂದ ತಿಳಿಯಬಹುದು. ಬಕೀಟಿನ ತುಂಬ ಜಲ್ಲಿ ಹಾಕಿ ಮೇಲೆ ನೀರು ಹೊಯ್ಯಿರಿ. ತುಂಬಿದ ಬಕೀಟು ಇನ್ನೂ ಐದರಲ್ಲಿ ಎರಡು ಪಾಲಿನಷ್ಟು ನೀರನ್ನು ನುಂಗುತ್ತದೆ! ಜಲ್ಲಿಯ ಸಂದುಗಳಲ್ಲಿ ಮರಳು ಅಡಗುತ್ತದೆ, ಮರಳಿನ ಸಂದುಗಳಲ್ಲಿ ಸಿಮೆಂಟು ಅಡಗುತ್ತದೆ. ಆದುದರಿಂದ ಒಣ ಸಾಮಗ್ರಿಯು ಸಿದ್ಧ ಕಾಂಕ್ರೀಟಿನ ಸುಮಾರು ೧.೫೪ ಪಟ್ಟು ಇರಬೇಕು, ಎಂದರೆ ೮೧೧ ಲೀಟರು. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಎಂಬ ಲೆಕ್ಕದಲ್ಲಿ ಏಳು ಪಾಲು ಮಾಡಿದರೆ ಸಿಮೆಂಟು ೧೧೬ ಲೀಟರು. ೫೦ ಕಿಲೋಗ್ರಾಮಿನ ಚೀಲದಲ್ಲಿ ೩೫ ಲೀಟರು ಸಿಮೆಂಟು ಇರುವುದರಿಂದ ಮೂರು ಚೀಲಕ್ಕಿಂತ ತುಸು ಹೆಚ್ಚು ಬೇಕು. ಕಟ್ಟೆಯ ಹೊಟ್ಟೆಯಲ್ಲಿ ೧೩೫ ಲೀಟರಿನಷ್ಟು ಜಾಗಕ್ಕೆ ತೊಳೆದ ಕಲ್ಲು ತುಂಬಿದ್ದರಿಂದ ನಮ್ಮ ಕೆಲಸ ಎರಡೂವರೆ ಚೀಲದಲ್ಲಿ ಮುಗಿಯಿತು. ಅಜ್ಜಿಯನ್ನು ಬೀಳಿಸಿದ ಮೂರು ಕಲ್ಲುಗಳು ಈಗ ಅಲ್ಲಿ ಹುದುಗಿವೆ. ಹೀಗೆ ಕಲ್ಲು ತುಂಬುವಾಗ ಸುತ್ತಲೂ, ಮೇಲೂ ಹತ್ತು ಸೆಂಟಿಮೀಟರಾದರೂ ಕಾಂಕ್ರೀಟು ಇರತಕ್ಕದ್ದು.

೫೨೬ ಲೀಟರು ಕಾಂಕ್ರೀಟಿನ ತೂಕ ಹತ್ತಿರ ಹತ್ತಿರ ಒಂದೂಕಾಲು ಟನ್ನು. ಇದನ್ನು ಹೊರುವ ನೆಲ ಗಟ್ಟಿಯಿರದಿದ್ದರೆ ಮೆಟ್ಟಿಲುಗಳು ಕುಸಿದು ಮುಂದಕ್ಕೆ ವಾಲುತ್ತವೆ. ಊರಿನ ಎರೆಭೂಮಿಯನ್ನು ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ನೀರುಂಡರೆ ಉಬ್ಬುವುದು, ಬಿಸಿಲಿಗೆ ಬಿರಿಯುವುದು ಅದರ ಸ್ವಭಾವ. ಇಲ್ಲಿ ಅನೇಕ ಕಡೆ ತಗ್ಗನ್ನು ಹೂಳಿದ ಭರಾವಿನ ಮಣ್ಣು; ಅದನ್ನೂ ನಂಬುವಂತಿಲ್ಲ. ಮೆತ್ತನೆಯ ಮಣ್ಣನ್ನು ಒಂದು ಗೇಣು ಆಳ ತೆಗೆದು, ಇಟ್ಟಿಗೆ ಚೂರು ಮತ್ತು ಜಲ್ಲಿ ಹಾಕಿ, ನೀರು ಚಿಮುಕಿಸಿ ದಿಮ್ಮಸಿನಿಂದ ಚೆನ್ನಾಗಿ ಬಡಿಯಬೇಕು. ಗೋಡೆಗೂ ಮೆಟ್ಟಿಲಿಗೂ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಿಲ್ಲಿಸತಕ್ಕದ್ದು. ಮೆಟ್ಟಿಲು ಒಂದು ಕೂದಲೆಳೆಯಷ್ಟು ಕುಸಿದರೂ ಗೋಡೆಯನ್ನು ಎಳೆಯದಿರಲಿ, ತೇವ ಗೋಡೆಗೆ ಹತ್ತದಿರಲಿ ಎಂದು.

ಕಲ್ಲಿನ ಮೆಟ್ಟಿಲಿಗೂ ಕಾಂಕ್ರೀಟಿನ ಮೆಟ್ಟಿಲಿಗೂ ಇರುವ ಭೇದ ಇಲ್ಲಿ ಕಾಣುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಶಿಲ್ಪಿಗಳು ಬಂಡೆಯನ್ನೇ ಕಡಿದು ಮೆಟ್ಟಿಲು ಮಾಡಿದರು. ಆಕಾರ ಉಳಿಯ ಪೆಟ್ಟಿನಲ್ಲಿತ್ತು. ಕಾಂಕ್ರೀಟಿಗೆ ಸ್ವಂತ ಆಕಾರವಿಲ್ಲ. ಹಲಗೆಯ ಪೆಟ್ಟಿಗೆ ಹೇಗಿರುವುದೋ ಹಾಗೆ. ಹಲಗೆ ಒಂದು ಸೆಂಟಿಮೀಟರು ಓರೆಯಾದರೆ ಮೆಟ್ಟಿಲೂ ಅಷ್ಟೇ ಓರೆ, ಅದೂ ಶಾಶ್ವತವಾಗಿ. ಆದುದರಿಂದ ಹಳೆಯ ಪ್ಲೈವುಡ್ಡನ್ನು ೧೫ ಸೆಂಟಿಮೀಟರಿನ ಪಟ್ಟಿಗಳಾಗಿ ಕೊಯ್ದು ಪೆಟ್ಟಿಗೆ ಕೂಡಿಸಿದ ಮೇಲೆ ಮೂಲೆಮಟ್ಟ ಮತ್ತು ರಸಮಟ್ಟಗಳಿಂದ ಎರಡೆರಡು ಸಲ ನೋಡಬೇಕು. ಹಸಿ ಕಾಂಕ್ರೀಟು ನೀರಿನಂತೆಯೇ ಪಕ್ಕಕ್ಕೆ ಒತ್ತುವುದರಿಂದ ಹೊರಗಿನಿಂದ ಗೂಟ ಬಡಿದು ಬಿಗಿಮಾಡಬೇಕು. ಒಳಮೈಗೆ ಎಣ್ಣೆ ಸವರಬೇಕು. ಪ್ರತಿಯೊಂದು ಮೆಟ್ಟಿನ ಮುಂಬದಿ ಹಿಂಬದಿಗಿಂತ ಅರ್ಧ ಸೆಂಟಿಮೀಟರು, ಕಟ್ಟೆಯದು ಒಂದು ಸೆಂಟಿಮೀಟರು ತಗ್ಗಿರಲಿ; ಮಳೆನೀರು ನಿಲ್ಲದೆ ಹೊರಗೆ ಹರಿಯುವುದು. ಹುಡುಗನ ಮನೆಯಲ್ಲಿ ಮೊದಲನೆಯ ಭಾನುವಾರವೆಲ್ಲ ಅಗೆಯುವುದಕ್ಕೂ ಈ ಹಲಗೆಗಳಿಗೂ ಹೋಯಿತು.

ಇನ್ನು ಸಿಮೆಂಟು. ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ಕೂಡಿಸಿ ೧೪೫೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಬೇಯಿಸಿ, ತುಸು ಜಿಪ್ಸಮ್ ಸೇರಿಸಿ ಅರೆದರೆ ಈ ಬೂದುಬಣ್ಣದ ಪುಡಿ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬವನು ೧೮೨೪ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದು, ಪೋರ್ಟ್‌ಲೆಂಡ್ ಎಂಬಲ್ಲಿಯ ಕಲ್ಲನ್ನು ಹೋಲುವುದೆಂದು ಪೋರ್ಟ್‌ಲೆಂಡ್ ಸಿಮೆಂಟೆಂದು ಕರೆದನು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡದ ಆಸುಪಾಸಿನಲ್ಲಿ ಸುಣ್ಣಕಲ್ಲು ಹೇರಳವಾಗಿರುವುದರಿಂದ ಅಲ್ಲಿ ಸಿಮೆಂಟಿನ ಕಾರ್ಖಾನೆಗಳೆದ್ದಿವೆ.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು ಬಹುಜನರು ತಿಳಿದಿರುವರು. ಇದು ತಪ್ಪು. ಅದು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ನೀರಿನಲ್ಲಿ ಮುಳುಗಿದ್ದರೂ ಗಟ್ಟಿಯಾಗುತ್ತದೆ. ಈ ಒಂದು ಸಂಗತಿಯಿಂದ ಎರಡು ನಿಯಮಗಳು ಹೊರಡುತ್ತವೆ. ಕಲಸುವಾಗ ನೀರು ಮಿತವಾಗಿರಬೇಕು, ಕಟ್ಟಿದ ಮೇಲೆ ಧಾರಾಳವಾಗಿರಬೇಕು. ನಮ್ಮ ಜನ ಸಾಮಾನ್ಯವಾಗಿ ಇದರ ವಿರುದ್ಧ ಮಾಡುವರು. ಚೀಲವೊಂದಕ್ಕೆ ೩೦ ಲೀಟರಿಗಿಂತ ಹೆಚ್ಚು ನೀರು ಬೇಡ. ಮರಳು ಮೊದಲೇ ಒದ್ದೆಯಿದ್ದರೆ ಇನ್ನೂ ಕಡಿಮೆ. ನೀರು ಹೆಚ್ಚಾದರೆ ಸಲಿಕೆಗೆ ಸುಖ, ಸುರಿಯಲು ಸುಲಭ. ಆದರೆ ಸಿಮೆಂಟಿಗೆ ಬೇಡವಾದ ನೀರು ಮುಂದೆ ಆವಿಯಾಗಿ ಹೋದಾಗ ಅದಿದ್ದ ಸ್ಥಳದಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು ಮೆಟ್ಟಿಲು ಸತ್ವಹೀನವಾಗುತ್ತದೆ. ಹುಡುಗನ ತಂದೆ ಲೀಟರು ಅಳೆಯಲಿಲ್ಲ. ಸಲಿಕೆಯ ಬೆನ್ನಿನಿಂದ ರಾಶಿಯನ್ನೊಮ್ಮೆ ತಟ್ಟಿ, ಮೇಲ್ಮೈ ಮಿನುಗಿದರೂ ನೀರು ಒಸರದ ಹದ ನೋಡಿ ಸಾಕೆಂದರು. ಮಗ ಅಳೆದು ಬರೆದುಕೊಂಡಿದ್ದ ನೀರು ಚೀಲಕ್ಕೆ ೨೮ ಲೀಟರು. ಈ ಹದ ಪುಸ್ತಕದಿಂದ ಬರುವುದಲ್ಲ. ನಿಮ್ಮ ಮನೆಯಲ್ಲಿ ಅದನ್ನು ಬಲ್ಲವರಿದ್ದರೆ ಹತ್ತಿರ ಕುಳಿತು ಕೇಳಿ ಕಲಿಯಿರಿ.

ಮರಳು ನದಿಯದು ಅಥವಾ ಕಲ್ಲು ಅರೆದದ್ದಾಗಿರಲಿ. ಖಾಡಿಯ ಉಪ್ಪು ಮರಳು ಬೇಡ. ಸಿಮೆಂಟು ಮೂರು ತಿಂಗಳಿಗಿಂತ ಹಳೆಯದಾಗಿರಬಾರದು; ಗಂಟುಕಟ್ಟಿದ್ದರಂತೂ ಬೇಡವೇ ಬೇಡ. ಒದ್ದೆ ಸಿಮೆಂಟಿಗೆ ಸುಣ್ಣದಂತೆ ಚರ್ಮವನ್ನು ಸುಡುವ ಗುಣವಿದೆ, ಅದರ ಧೂಳು ಕಣ್ಣಿಗೂ ಶ್ವಾಸಕ್ಕೂ ಕೆಡುಕು. ಕಲಸುವುದು, ಸುರಿಯುವುದು ದೊಡ್ಡವರ ಕೆಲಸ. ಅವರೂ ರಬ್ಬರಿನ ಕೈಚೀಲ, ಬೂಟು ಹಾಕಿಕೊಂಡು ಮಾಡತಕ್ಕದ್ದು. ಅಳೆಯುವುದು, ಲೆಕ್ಕ ಹಾಕುವುದು, ನೀರುಣಿಸುವುದು ನಿಮ್ಮ ಪಾಲಿಗಿರಲಿ.

ಎರಡನೆಯ ಭಾನುವಾರ ಬೆಳಗಿನ ತಂಪಿನಲ್ಲಿ ಕೆಳಗಿನ ಪೆಟ್ಟಿಗೆಯಿಂದ ತುಂಬುತ್ತ ಮೇಲಕ್ಕೆ ಹೋದರು. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಹಾಕಿ ಮುಗಿಸಬೇಕು. ಆದುದರಿಂದ ಸ್ವಲ್ಪ ಸ್ವಲ್ಪವೇ ಕಲಸುವುದು ಲೇಸು. ಕಬ್ಬಿಣದ ಸರಳಿನಿಂದ ಮೂಲೆಮೂಲೆಗೂ ಕುಕ್ಕಿ ಒಳಗಿನ ಗಾಳಿಯನ್ನು ಹೊರಡಿಸಬೇಕು. ಹಲಗೆಯ ಅಂಚಿಗೆ ಸಮವಾಗಿ ಕೋಲೆಳೆದ ಮೇಲೆ, ಮೇಲೆ ಒಸರಿದ ನೀರು ತಾನಾಗಿ ಆರುವವರೆಗೆ ಕಾಯಬೇಕು. ಅವಸರದಲ್ಲಿ ಒಣ ಸಿಮೆಂಟು ಎರಚಿ ಆ ನೀರನ್ನು ಹೀರಿಸುವರು. ಅಂತಹ ಮೇಲ್ಮೈ ವರ್ಷದೊಳಗೆ ಸಿಪ್ಪೆಯಾಗಿ ಏಳುತ್ತದೆ. ಕೊನೆಗೆ ಮರದ ಹಲಗೆಯಿಂದ ತೇಯ್ದು, ಕರಣೆಯಿಂದ ಅಂಚನ್ನು ತುಸು ಗುಂಡಗೆ ಮಾಡಿ, ಅಡ್ಡಲಾಗಿ ಕಸಬರಿಗೆಯನ್ನು ಹಗುರವಾಗಿ ಎಳೆಯಬೇಕು. ಆ ಸಣ್ಣ ಗೆರೆಗಳು ಮಳೆಯಲ್ಲಿ ಕಾಲನ್ನು ಹಿಡಿಯುತ್ತವೆ. ಈಚೆಗೆ ಹೊರಗಿನ ಮೆಟ್ಟಿಲುಗಳಿಗೂ ಕನ್ನಡಿಯಂತಹ ಟೈಲುಗಳನ್ನು ಹೊದಿಸುವ ಷೋಕಿ ಬಂದಿದೆ. ಮುಂಬಯಿಯ ಮಳೆಯಲ್ಲಿ ಅದಕ್ಕಿಂತ ಅವಿವೇಕ ಇನ್ನೊಂದಿಲ್ಲ.

ಮರುದಿನ ಪಕ್ಕದ ಹಲಗೆಗಳನ್ನು ಮೆಲ್ಲನೆ ಬಿಚ್ಚಬಹುದು. ಮೂರು ದಿನ ಯಾರೂ ತುಳಿಯಬಾರದು. ಹುಡುಗನ ಮನೆಯವರು ನೆರೆಯವರ ಕಟ್ಟೆಯಿಂದ ಹಲಗೆ ಹಾಕಿಕೊಂಡು ಓಡಾಡಿದರು. ಹತ್ತು ದಿನ ಮೆಟ್ಟಿಲುಗಳು ಹಗಲು ರಾತ್ರಿ ತೇವವಾಗಿರಬೇಕು. ನಲ್ಲಿಯಲ್ಲಿ ನೀರು ಹೊತ್ತು ನೋಡಿ ಬರುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಒದ್ದೆ ಗೋಣಿತಟ್ಟು ಹಾಸಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಕಲ್ಲು ಹೇರಿದರೆ ಬೆಳಗ್ಗೆ ಸಂಜೆ ಒಂದೊಂದು ಕೊಡ ಸಾಕು. ತರಕಾರಿ ತೊಳೆದ ನೀರೂ ಆದೀತು. ಸಾಬೂನಿನ ನೀರು ಬೇಡ. ಏಳನೆಯ ದಿನಕ್ಕೆ ಕಾಂಕ್ರೀಟು ತನ್ನ ಬಲದ ಮೂರರಲ್ಲಿ ಎರಡು ಪಾಲನ್ನು ಪಡೆದಿರುತ್ತದೆ. ಅದರ ಬಲವನ್ನು ಲೆಕ್ಕಕ್ಕೆ ಹಿಡಿಯುವುದು ೨೮ನೆಯ ದಿನಕ್ಕೆ. ಪಕ್ಕದಲ್ಲಿ ಹಿಡಿಕಂಬಿಯನ್ನು ನಿಲ್ಲಿಸುವುದಾದರೆ ಅದರ ಕೊಳವೆಯನ್ನು ಕಾಂಕ್ರೀಟು ಹಸಿಯಿರುವಾಗಲೇ ಊರಿಡಬೇಕು. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ಬಿಡಲೇಬಾರದು.

ಮುಂದೆ ಓಣಿಯ ರಸ್ತೆಯನ್ನು ಹೊಸದಾಗಿ ಹಾಕುವಾಗ ನೆಲ ಐದಾರು ಸೆಂಟಿಮೀಟರು ಮೇಲೇರಿ ಕೆಳಗಿನ ಏರು ಗಿಡ್ಡವಾಗುವುದುಂಟು. ಮನೆಯೊಳಗೆ ಹೊಸ ಫರಸಿ ಹಾಸಿದಾಗ ಮೇಲಿನ ಏರು ಎತ್ತರವಾಗುತ್ತದೆ. ಸಮನಾಗಿ ಕಟ್ಟಿದ ಮೆಟ್ಟಿಲುಗಳು ಹೀಗೆ ಯಾರೂ ಮುಟ್ಟದೆಯೇ ಅಸಮವಾಗುವುವು. ಇಂತಹ ಕೆಲಸ ನಡೆದ ಮೇಲೆ ಟೇಪು ಹಿಡಿದು ಮತ್ತೆ ಅಳೆಯಿರಿ. ಫರಸಿ ಹಾಸುವ ಯೋಚನೆ ಮೊದಲೇ ಇದ್ದರೆ ಅದರ ದಪ್ಪವನ್ನು ಎತ್ತರಕ್ಕೆ ಕೂಡಿಸಿಕೊಂಡೇ ಭಾಗಿಸಬೇಕು.

ಇನ್ನೊಂದು ಮನೆಯ ಲೆಕ್ಕವನ್ನು ನಿಮಗೇ ಬಿಡುತ್ತೇವೆ. ಹೊಸ್ತಿಲಿನ ಎತ್ತರ ೭೨ ಸೆಂಟಿಮೀಟರು. ಬಾಗಿಲಿನಿಂದ ಗಟಾರದವರೆಗೆ ಇರುವ ಜಾಗ ೧೫೦ ಸೆಂಟಿಮೀಟರು ಮಾತ್ರ. ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜನೊಬ್ಬರಿದ್ದಾರೆ. ಮೇಲೆ ೮೪ ಸೆಂಟಿಮೀಟರಿನ ಕಟ್ಟೆ ಬೇಕು. ನಾಲ್ಕು ಏರುಗಳಾದರೆ ಒಂದೊಂದೂ ಎಷ್ಟು, ಮೆಟ್ಟು ಎಷ್ಟು, ಜಾಗ ಸಾಕೇ? ಐದಾದರೆ? ಮೆಟ್ಟಿಲುಗಳು ಓಣಿಯ ಕಡೆಗೇ ಇಳಿಯಬೇಕೆಂಬ ಕಟ್ಟುನಿಟ್ಟೇನೂ ಇಲ್ಲ. ಕಟ್ಟೆಯಿಂದ ಗೋಡೆಯ ಉದ್ದಕ್ಕೂ ಇಳಿಸಬಹುದು. ಚಿತ್ರ ಬರೆದು, ಸಿಮೆಂಟಿನ ಚೀಲಗಳ ಲೆಕ್ಕದೊಡನೆ ತಂದು ತೋರಿಸಿರಿ.